ನಾಲ್ಕನೆಯ ಮೂಲೆಯ ನಖ್ಲೆ

ಬಟ್ಟೆ ಒಗೆಯುವ ಯಂತ್ರ ಹಿಂಡುವ ಹಂತಕ್ಕೆ ಬಂದು ಗಡಗಡ ನಡುಗಲು ಶುರುಮಾಡಿದರೆ ಸಾಕು, ನಾನು ಕೈಯಲ್ಲಿರುವ ಕೆಲಸ ಬಿಟ್ಟು ಬಚ್ಚಲಿಗೆ ಓಡುತ್ತೇನೆ. ಎರಡೂ ಕೈಗಳಿಂದ ಅದನ್ನು ಒತ್ತಿ ಹಿಡಿದು ನಿಲ್ಲುತ್ತೇನೆ. ನಮ್ಮತ್ತೆಗೆ ಇದನ್ನು ನೋಡಿ ನೋಡಿ ಅಭ್ಯಾಸವಾಗಿದೆ.

"ಅದೇನು ಕತ್ತೇನೇ, ಹಗ್ಗ ಬಿಚ್ಕೊಂಡು ಓಡಿಹೋಗೋಕೆ? ಬಿಡು ದಾರೀನ್, ಅದರ ಪಾಡಿಗೆ ಕುಣಿದು ನಿಲ್ಲುತ್ತೆ."

ಯಂತ್ರ ಜಾರಿದರೆ ಪೈಪು ಕಳಚೀತು, ಮಗಳು ಲೇಯಾಳ ಬೆರಳು ಸಿಕ್ಕಿಕೊಂಡೀತು ಎಂದು ಏನೋ ಹೇಳುತ್ತೇನೆ. ಸುಳ್ಳಲ್ಲ, ಆ ಚಿಂತೆಗಳೂ ಇವೆ. ನನಗೆ ಚಿಂತೆಗೇನೂ ಬರವಿಲ್ಲ. ಮಗಳ ಕೆಮ್ಮು, ಪ್ಲಗ್ಗಿನ ತೂತು, ಬೇಸಿಗೆಯಲ್ಲಿ ಕಲ್ಲಿನ ಸಂದಿಯಿಂದ ಹೊರಬರುವ ಚೇಳು, ತೊಟ್ಟಿಯ ಮುಚ್ಚಳ, ಎಲ್ಲವನ್ನೂ ದಿನಕ್ಕೆರಡು ಸಲ ನೋಡಿ ಬರುತ್ತೇನೆ. ಆದರೆ ಯಂತ್ರವನ್ನು ತಬ್ಬಿ ಹಿಡಿಯುವಂತೆ ಮಾಡುವ ಚಿಂತೆ ಬೇರೆ. ಆ ಯಂತ್ರದ ಕೆಳಗೆ, ಎರಡು ಬೆರಳು ಸಿಮೆಂಟಿನ ಕೆಳಗೆ, ಒಂದು ಕರಿಗಲ್ಲು ಕವುಚಿ ಮಲಗಿದೆ. ದಿನಾ ಹನ್ನೊಂದು ಗಂಟೆಗೆ ಮಾಡಿನ ಮೇಲಿನ ಸೋಲಾರ್ ಹಲಗೆಗಳಿಗೆ ಬಿಸಿಲು ಬಿದ್ದು ಯಂತ್ರ ತಿರುಗಿದಾಗಲೆಲ್ಲ ಆ ಕಲ್ಲಿನ ಮುಖದ ಮೇಲಿರುವ ಅಕ್ಷರಗಳು ಒಂದೊಂದಾಗಿ ಉದುರುತ್ತಿವೆ ಎಂದು ನನಗನ್ನಿಸುತ್ತದೆ.

ಅದನ್ನು ಅಲ್ಲಿ ಇಡಿಸಿದವಳು ನಾನು. ಆ ಕಲ್ಲನ್ನು ಬದುಕಿಡೀ ಹುಡುಕಿದವರು ನಾನು ದೊಡ್ಡಪ್ಪ ಎಂದು ಕರೆಯುವ ನಖ್ಲೆ.

ನಮ್ಮ ಊರು ಕಫರ್ ಮೂನದ ಸಂತ ಮಾರ್ ಸರ್ಕೀಸನ ಚರ್ಚಿನಲ್ಲಿ ಗಂಟೆ ಬಾರಿಸುವುದು, ದೀಪಕ್ಕೆ ಎಣ್ಣೆ ಹಾಕುವುದು, ಶನಿವಾರ ಪ್ರಸಾದದ ರೊಟ್ಟಿ ಸುಡುವುದು, ಸತ್ತವರಿಗೆ ಗುಂಡಿ ಅಳೆದು ಕೊಡುವುದು ಎಲ್ಲವೂ ಅವರ ಕೆಲಸ. ಅವರಪ್ಪ ಮಾಡುತ್ತಿದ್ದ ಕೆಲಸವೇ. ಐವತ್ತು ವರ್ಷ ಒಂದೇ ಕೈಯಲ್ಲಿ ಗಂಟೆಯ ಹಗ್ಗ ಎಳೆದು ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ಉಗುರಿನ ಸಂದಿಯಲ್ಲಿ ಯಾವಾಗಲೂ ಜೇನುಮೇಣ. ಧೂಪದ ವಿಷಯದಲ್ಲಿ ಮಹಾ ಜಿಪುಣ. ಬೆಂಚಿನ ಅಡಿಗೆ ಚೂಯಿಂಗ್ ಗಮ್ ಅಂಟಿಸಿದವರ ಹೆಸರನ್ನು ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಎಲ್ಲರೆದುರು ಹೇಳುತ್ತಿದ್ದರು. ಹೆಂಡತಿ ಅದ್ಲಾ ತೀರಿಕೊಂಡು ಹನ್ನೆರಡು ವರ್ಷ. ಒಬ್ಬಳೇ ಮಗಳು ಹಿಲಾನೆ, ಗಂಡನ ಜೊತೆ ಟ್ರಿಪೋಲಿಯಲ್ಲಿದ್ದಾಳೆ. ಪ್ರಾಯದಲ್ಲಿ ಇವರೂ ಅದೇ ಊರಿನ ಬೇಕರಿಯೊಂದರಲ್ಲಿ ಹದಿನಾಲ್ಕು ತಿಂಗಳು ಕೆಲಸಕ್ಕಿದ್ದು, ಅಪ್ಪ ಸತ್ತಾಗ ಹಿಂತಿರುಗಿದವರು ಮತ್ತೆ ಊರು ಬಿಡಲಿಲ್ಲ.

"ನೀವು ಸತ್ರೆ ಗಂಟೆ ಯಾರು ಬಾರಿಸ್ತಾರೆ, ನಖ್ಲೆ?" ಎಂದು ಯಾರಾದರೂ ಕೆಣಕಿದರೆ, "ಒಂದಿನ ಮುಂಚೆ ನಾನೇ ಬಾರಿಸಿ ಮಲಗ್ತೀನಿ. ನಿಮ್ಮನ್ನ ನಂಬಿದ್ರೆ ಸುಮ್ನೆ ಹೂತುಬಿಡ್ತೀರ" ಎನ್ನುತ್ತಿದ್ದರು.

ಚರ್ಚಿನ ಸುತ್ತ ಮೂರು ಕಡೆ ಮೂರು ಕಲ್ಲುಗಳಿವೆ. ಮೊಣಕಾಲೆತ್ತರ, ಮೇಲೆ ಶಿಲುಬೆ, ಕೆಳಗೆ ಗ್ರೀಕ್ ಅಕ್ಷರ. ಊರಲ್ಲಿ ಅದನ್ನು ಓದಬಲ್ಲವರು ಯಾರೂ ಇಲ್ಲ. ನಖ್ಲೆ ದೊಡ್ಡಪ್ಪ ಮಾತ್ರ ತಮ್ಮದೇ ರೀತಿಯಲ್ಲಿ ಓದುತ್ತಿದ್ದರು. ಅವರಪ್ಪ ಕಲಿಸಿದ್ದಂತೆ ಕಣ್ಣು ಮುಚ್ಚಿ ಬೆರಳಿನಿಂದ ಸವರುತ್ತಾ, "ಉಂಗುರ, ಕೊಕ್ಕೆ, ಉಂಗುರ, ಕಡ್ಡಿ" ಎನ್ನುವರು. ಮೂರೂ ಕಲ್ಲು ಶುರುವಾಗುವುದು ಹಾಗೆಯೇ. ಒಮ್ಮೆ ವಿಶ್ವವಿದ್ಯಾಲಯದಿಂದ ಬಂದಿದ್ದ ಮೇಡಂ ಒಬ್ಬರು ಫೋಟೊ ತೆಗೆದುಕೊಂಡು, ಇದು ಮಾರ್ ಸರ್ಕೀಸನ ಆಶ್ರಯದ ಎಲ್ಲೆ, ಇದರೊಳಗೆ ಓಡಿಬಂದವರನ್ನು ಯಾರೂ ಹಿಡಿದೆಳೆಯುವಂತಿಲ್ಲ ಎಂದು ರಾಜನೇ ಹಾಕಿಸಿದ ಕಲ್ಲು, ಸಾವಿರದೈನೂರು ವರ್ಷ ಹಳೆಯದು ಎಂದು ವಿವರಿಸಿದರಂತೆ. "ನಮ್ಮಪ್ಪ ಹೇಳಿದ್ದೂ ಅದನ್ನೇ. ಪಾಪ, ನೀವು ಸುಮ್ನೆ ಇಷ್ಟು ದೂರ ಬಂದ್ರಿ" ಎಂದರಂತೆ ನಖ್ಲೆ.

ಆ ಎಲ್ಲೆ ನಮ್ಮೂರಲ್ಲಿ ಇನ್ನೂ ನಡೆಯುತ್ತದೆ. ಏಟು ತಪ್ಪಿಸಿಕೊಂಡ ಮಕ್ಕಳು ಕಲ್ಲು ದಾಟಿ ಒಳಗೆ ಕೂತರೆ ತಾಯಿ ಚಪ್ಪಲಿ ಹಿಡಿದು ಹೊರಗೇ ನಿಲ್ಲಬೇಕು. ಗಂಡನ ಜೊತೆ ಜಗಳವಾಡಿದವಳು ಹೆಣಿಗೆ ಎತ್ತಿಕೊಂಡು ದಕ್ಷಿಣದ ಕಲ್ಲಿನ ಪಕ್ಕ ಕೂತಳೆಂದರೆ ಊರಿಗೆಲ್ಲ ಸುದ್ದಿ; ಗಂಡ ತಣ್ಣಗಾಗಿ ಬಂದು ಕರೆಯುವ ತನಕ ಏಳುವುದಿಲ್ಲ. ನನ್ನ ಗಂಡ ಗಸ್ಸಾನ್ ಚಿಕ್ಕವನಿದ್ದಾಗ ಪಾದ್ರಿಯ ಮನೆಯ ಕಿಟಕಿಯ ಗಾಜು ಒಡೆದು ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕೂತಿದ್ದನಂತೆ. ಅವನಿಗೆ ಊಟ ತಂದುಕೊಟ್ಟವರು ನಖ್ಲೆ.

ನಾಲ್ಕನೆಯ ಕಲ್ಲು ಮಾತ್ರ ಯಾರ ನೆನಪಿನಲ್ಲೂ ಇಲ್ಲ. ಚರ್ಚಿನ ಬಾಗಿಲಿನಿಂದ ಗಂಟೆಯ ಹಗ್ಗ ಹಾಸಿ ಅಳೆದರೆ ಮೂರೂ ಕಲ್ಲು ಒಂದೇ ದೂರ. ಅದೇ ಲೆಕ್ಕದಲ್ಲಿ ಉತ್ತರಕ್ಕೆ ಅಳೆದರೆ ಹಗ್ಗದ ತುದಿ ಬೀಳುವುದು ನಮ್ಮ ಮನೆಯ ಹಿಂಗೋಡೆಗೆ, ಹಿಪ್ಪುನೇರಳೆ ಮರದ ಕೆಳಗೆ. ಅಕ್ಟೋಬರ್ ಆರರಂದು, ಹಬ್ಬದ ಹಿಂದಿನ ದಿನ ಸಂಜೆ, ಊರೆಲ್ಲ ಶಿಲುಬೆ ಹಿಡಿದು ಎಲ್ಲೆ ಸುತ್ತುತ್ತದೆ. ನಮ್ಮ ಪಾದ್ರಿ ಅಬೂನಾ ಸ್ಪಿರೋ ಪ್ರತಿ ಕಲ್ಲಿಗೂ ಹೆಬ್ಬೆರಳಿನಿಂದ ಎಣ್ಣೆಯ ಶಿಲುಬೆ ಬರೆದು, ನೀರು ಚಿಮುಕಿಸಿ, "ಇದು ಎಲ್ಲೆ, ಇದರೊಳಗೆ ಯಾರೂ ಯಾರ ಮೇಲೂ ಕೈ ಮಾಡಬೇಡಿ" ಎನ್ನುತ್ತಾರೆ. ಜನ ಕಲ್ಲನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಾರೆ. ನಾಲ್ಕನೆಯ ಮೂಲೆಗೆ ಬಂದಾಗ ನಖ್ಲೆ ಟೋಪಿ ತೆಗೆದು, ಕಣ್ಣು ಮುಚ್ಚಿ, ನಮ್ಮ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಲ್ಲುತ್ತಿದ್ದರು. ಕಲ್ಲಿಗೆ ಹಚ್ಚುವ ಎಣ್ಣೆ ಅವರ ಹಣೆಗೆ. ಕಲ್ಲಿಗೆ ಹೇಳುವ ಮಾತು ಅವರಿಗೆ. ಊರ ಜನ ಸಾಲಾಗಿ ಬಂದು ಅವರ ಹಣೆ ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದರು.

"ಈ ವರ್ಷ ಕಲ್ಲಿಗೆ ಸ್ವಲ್ಪ ಹೊಟ್ಟೆ ಬಂದಿದೆ" ಎಂದು ಹಿಂದಿನಿಂದ ಯಾರಾದರೂ ಅನ್ನದೆ ಇರುತ್ತಿರಲಿಲ್ಲ. ಮುಗಿಯುವ ತನಕ ಅವರು ನಗುತ್ತಿರಲಿಲ್ಲ.

ನಾನು ಬೈರೂತಿನವಳು. ಮದುವೆಯಾಗಿ ಬಂದ ಮೊದಲ ವರ್ಷ ಇದನ್ನು ನೋಡಿ ಫೋನಿನಲ್ಲಿ ಚಿತ್ರೀಕರಿಸಿದೆ. ಕಾಲೇಜಿನ ಗೆಳತಿಯರಿಗೆ, "ನಾನು ಬಂದು ಸೇರಿರೋ ಊರು ನೋಡ್ರೇ, ಮನುಷ್ಯನ್ನ ಕಲ್ಲು ಅಂತ ಪೂಜೆ ಮಾಡ್ತಾರೆ" ಎಂದು ಬರೆದು ಕಳಿಸಿದೆ. ಅವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಚಿತ್ರ ತೆಗೆದದ್ದನ್ನು ನಖ್ಲೆ ದೊಡ್ಡಪ್ಪ ನೋಡಿಬಿಟ್ಟಿದ್ದರು. ಎಲ್ಲ ಮುಗಿದ ಮೇಲೆ ಹತ್ತಿರ ಬಂದು, "ಮುಖ ಚೆನ್ನಾಗಿ ಬಂತಾ ಮಗಳೇ? ಹಿಲಾನೆಗೂ ಒಂದು ಕಳಿಸ್ತೀಯಾ?" ಎಂದರು. ಕಳಿಸಿದೆ. ಮೇಲೆ ಬರೆದಿದ್ದ ಸಾಲನ್ನು ಅಳಿಸಿ ಕಳಿಸಿದೆ.

ಕಲ್ಲು ಸಿಕ್ಕಿದ್ದು ನಾನು ಏಳು ತಿಂಗಳ ಬಸುರಿಯಾಗಿದ್ದಾಗ. ಹಿಂದಿನ ರೊಟ್ಟಿ ಸುಡುವ ಕೋಣೆಯನ್ನು ಬಚ್ಚಲು ಮಾಡಿಸುತ್ತಿದ್ದೆವು. ಗಸ್ಸಾನ್ ಯಾರದೋ ಮಾಡಿನ ಮೇಲೆ ಸೋಲಾರ್ ಹಲಗೆ ಕೂರಿಸಲು ಹೋಗಿದ್ದ. ಅತ್ತೆ ಯಾವುದೋ ಸಾವಿನ ಮನೆಯಲ್ಲಿದ್ದರು. ಪಕ್ಕದೂರಿನ ಮೇಸ್ತ್ರಿ ತನ್ನೂಸ್ ಕೋಣೆಯ ಹೊಸಿಲಿನ ಕಲ್ಲನ್ನು ಹಾರೆ ಹಾಕಿ ಮಗುಚಿದವನು ನನ್ನನ್ನು ಕರೆದ.

"ಅಮ್ಮಾ, ಇದರಲ್ಲಿ ಏನೋ ಬರೆದಿದೆ ನೋಡಿ."

ಮಣ್ಣು ಒರೆಸಿದ. ಶಿಲುಬೆ. ಅದರ ಕೆಳಗೆ ಉಂಗುರ, ಕೊಕ್ಕೆ, ಉಂಗುರ, ಕಡ್ಡಿ. ಗೋಡೆ ಕಟ್ಟಿದ ಯಾರೋ ಅಜ್ಜ ಪಕ್ಕದಲ್ಲೇ ಬಿದ್ದಿದ್ದ ಒಳ್ಳೆಯ ಕಲ್ಲೆಂದು ತೆಗೆದು ಹೊಸಿಲು ಮಾಡಿರಬೇಕು. ಅಕ್ಷರ ತುಳಿಯಬಾರದೆಂದು ಕವುಚಿ ಹಾಕಿರಬೇಕು. ಬೇರೆ ಮೂರು ಕಲ್ಲುಗಳ ಅಕ್ಷರ ಮಳೆಗಾಳಿಗೆ ಸವೆದಿವೆ. ಇದು ನಿನ್ನೆ ಕೆತ್ತಿದಂತಿತ್ತು.

"ಪುರಾತತ್ವ ಇಲಾಖೆಯವರಿಗೆ ಗೊತ್ತಾದ್ರೆ ಕೆಲಸ ನಿಲ್ಲಿಸಿಬಿಡ್ತಾರೆ" ಎಂದ ತನ್ನೂಸ್, ಸಿಗರೇಟು ಕಚ್ಚಿಕೊಂಡು. "ನಮ್ಮೂರಲ್ಲಿ ಒಂದು ಮನೇಲಿ ಬಣ್ಣದ ಕಲ್ಲಿನ ನೆಲ ಸಿಕ್ತು. ಎರಡು ಚಳಿಗಾಲ ಆ ಹೆಂಗಸು ಅಂಗಳದಲ್ಲಿ ಅಡಿಗೆ ಮಾಡಿದ್ಲು. ನಂಗೇನು, ಹೇಳಿದ ಹಾಗೆ ಮಾಡ್ತೀನಿ."

ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ಮನೆಯಲ್ಲಿ ಬಚ್ಚಲಿಲ್ಲ, ನೀರಿನ ಪೈಪು ಕಿತ್ತು ಹಾಕಿದೆ, ಎರಡು ತಿಂಗಳಿಗೆ ಮಗು. ಯೋಚಿಸಿದೆ ಎಂದು ಹೇಳಲಾರೆ. ತಕ್ಷಣ ಬಾಯಿಗೆ ಬಂದದ್ದನ್ನು ಹೇಳಿದೆ.

"ಕವುಚಿ ಹಾಕಿ. ಯಂತ್ರ ಇಡೋ ಕಡೆ ಹಾಕಿ, ಮೇಲೆ ಸಿಮೆಂಟ್ ಮಾಡಿ."

ಅದರ ಮೇಲೆ ಸಿಮೆಂಟು ಸುರಿಯುವಾಗ ಅವನು ಒಂದು ಕ್ಷಣ ಕೈ ತಡೆದು ಶಿಲುಬೆ ಗುರುತು ಮಾಡಿಕೊಂಡ. ನಾನು ಅದನ್ನೂ ಮಾಡಲಿಲ್ಲ. ಸಂಜೆ ಗಸ್ಸಾನ್‌ಗೆ ಹೇಳಿದಾಗ ಅವನು ಹುಬ್ಬೇರಿಸಿ, "ಒಳ್ಳೇ ಕೆಲಸ ಮಾಡ್ದೆ. ಅಮ್ಮನಿಗೆ ಹೇಳ್ಬೇಡ, ಅವಳ ಬಾಯಲ್ಲಿ ನಿಲ್ಲಲ್ಲ" ಎಂದ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಲೇಯಾ ಹುಟ್ಟಿ ನಲವತ್ತು ದಿನ ಕಳೆದ ಮೇಲೆ ನಖ್ಲೆ ದೊಡ್ಡಪ್ಪ ಮಗು ನೋಡಲು ಬಂದರು. ತಾವೇ ಮಾಡಿದ ಒಂದು ಮೇಣದ ಬತ್ತಿ ತಂದಿದ್ದರು. ಬಾಣಂತಿ ಮನೆಗೆ ಬಂದವರಿಗೆಲ್ಲ ಕೊಡುವ ದಾಲ್ಚಿನ್ನಿ ಹಾಕಿದ ಮುಘ್ಲಿ ಪಾಯಸವನ್ನು ಬಟ್ಟಲಲ್ಲಿ ಹಾಕಿ, ಮೇಲೆ ವಾಲ್‌ನಟ್ ಉದುರಿಸಿ ಕೊಟ್ಟೆ. ಎರಡು ಚಮಚ ತಿಂದು, ಜೇಬಿನಿಂದ ಶಾಲೆ ಮಕ್ಕಳ ನೋಟುಪುಸ್ತಕ ತೆಗೆದರು. ಅದರಲ್ಲಿ ಊರ ಉತ್ತರದ ಮನೆಗಳನ್ನೆಲ್ಲ ಪುಟ್ಟ ಪುಟ್ಟ ಚೌಕಗಳಾಗಿ ಬರೆದಿದ್ದರು. ಹುಡುಕಿ ಆದ ಮನೆಗಳ ಮೇಲೆ ಗೀಟು. ಎಷ್ಟೋ ಮನೆಗಳ ದನದ ಗೋದಲಿ, ಮೆಟ್ಟಿಲು, ಒಲೆಯ ಕಲ್ಲು ಅವರು ಬಗ್ಗಿ ನೋಡಿದ್ದರು. ನಮ್ಮ ಮನೆಯ ಚೌಕ ಎಲ್ಲಕ್ಕಿಂತ ದೊಡ್ಡದಾಗಿತ್ತು.

"ಬಚ್ಚಲು ಮಾಡಿಸಿದ್ರಂತಲ್ಲ ಮಗಳೇ. ಹಳೇ ಕೋಣೆ ಕಿತ್ತಾಗ ಏನಾದ್ರೂ ಬರಹದ ಕಲ್ಲು ಬಂತಾ?"

ಮಗು ನನ್ನ ತೋಳಿನಲ್ಲಿತ್ತು. ಅದರ ನೆತ್ತಿ ನೋಡುತ್ತಾ ಹೇಳಿದೆ. "ಇಲ್ಲ ದೊಡ್ಡಪ್ಪ. ಎಲ್ಲ ಸಾದಾ ಕಲ್ಲು."

"ನೀನೇ ನೋಡಿದ್ಯಾ?"

"ನಾನೇ ನಿಂತು ನೋಡಿದೆ."

"ಹಾಗಾದ್ರೆ ಸರಿ." ಪೆನ್ಸಿಲಿನ ತುದಿ ನಾಲಿಗೆಗೆ ತಾಗಿಸಿ ನಮ್ಮ ಚೌಕದ ಮೇಲೆ ಗೀಟೆಳೆದರು. "ಬೇರೆಯವರಾಗಿದ್ರೆ ನಾನೇ ಹೋಗಿ ನೋಡ್ತಿದ್ದೆ. ನೀನು ಓದಿದವಳು. ನೀನು ನೋಡಿದ್ರೆ ನಾನು ನೋಡಿದ ಹಾಗೆ."

ಆಮೇಲೆ ಚಮಚ ಬಟ್ಟಲಲ್ಲೇ ಬಿಟ್ಟು, ನಾನು ಕೇಳದೆಯೇ, ಅವರು ಅದನ್ನು ಹೇಳಿದರು. ಅಂತರ್ಯುದ್ಧದ ಎರಡನೆಯ ವರ್ಷ. ಗ್ಯಾಸ್ ಸಿಲಿಂಡರ್ ಮಾರಲು ಬರುತ್ತಿದ್ದ ಬೇರೆ ಊರಿನವನೊಬ್ಬ, ಹೆಸರು ದೀಬ್. ಬಂದೂಕಿನವರು ಬೆನ್ನು ಹತ್ತಿದ್ದರು. ಎಲ್ಲೆಯ ವಿಷಯ ಅವನಿಗೂ ಗೊತ್ತಿತ್ತು. ಓಡಿಬಂದು ನಮ್ಮ ಹಿಪ್ಪುನೇರಳೆ ಮರದ ಒಳಬದಿ ಕೂತುಬಿಟ್ಟ. ನಖ್ಲೆಗೆ ಆಗ ಇಪ್ಪತ್ತೇಳು. ಓಡಿಹೋಗಿ ಅಡ್ಡ ನಿಂತರು. ಇದು ಮಾರ್ ಸರ್ಕೀಸನ ಎಲ್ಲೆ, ಒಳಗೆ ಬರಬೇಡಿ ಅಂದರು.

"ಅವರಲ್ಲೊಬ್ಬ ನಮ್ಮ ಕಡೆಯವನೇ ಮಗಳೇ. ನಗ್ತಾ ಕೇಳಿದ. ಆ ಕಡೆ ಕಲ್ಲಿದೆ, ಈ ಕಡೆ ಕಲ್ಲಿದೆ, ನಾವೂ ಕೈ ಮುಗಿದು ಬಂದಿದೀವಿ. ಇಲ್ಲಿ ಎಲ್ಲಿದೆ ಕಲ್ಲು, ತೋರಿಸು, ಹೊರಟು ಹೋಗ್ತೀವಿ ಅಂದ. ನಾನು ನೆಲ ನೋಡಿದೆ." ಅವರು ಈಗಲೂ ನೆಲವನ್ನೇ ನೋಡುತ್ತಿದ್ದರು. "ಪಕ್ಕಕ್ಕೆ ಸರಿ ಅಂದ. ಸರಿದೆ. ಒಂದೇ ಹೆಜ್ಜೆ. ಅವನನ್ನ ಎಳೆದುಕೊಂಡು ಹೋದ್ರು. ಅವನ ಒಂದು ಚಪ್ಪಲಿ ಇಲ್ಲೇ ಬಿತ್ತು. ವಾಪಸ್ ಬರಲಿಲ್ಲ. ಕಲ್ಲು ಇದ್ದಿದ್ರೆ ಸರಿಯುತ್ತಿರಲಿಲ್ಲ ನೋಡು. ಕಲ್ಲಿಗೆ ಹೆದರಿಕೆ ಇರಲ್ಲ."

ಅದಕ್ಕೇ ಪ್ರತಿ ವರ್ಷ ನಿಲ್ಲುವುದು ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಬಾಯಿ ಬಿಡಲು ನನಗೆ ಎಷ್ಟು ಹೊತ್ತು ಸಿಕ್ಕಿತ್ತು ಎಂದು ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಅವರು ಬಟ್ಟಲು ಖಾಲಿ ಮಾಡಿದರು. ಮೇಣದ ಬತ್ತಿಯನ್ನು ತೊಟ್ಟಿಲ ಪಕ್ಕ ಇಟ್ಟರು. ಮಗುವಿನ ಹಣೆಯ ಮೇಲೆ ಹೆಬ್ಬೆರಳಿಟ್ಟು ಏನೋ ಗೊಣಗಿದರು. ಕೈ ತೊಳೆಯಲು ಬಚ್ಚಲಿಗೆ ಹೋದರು. ಯಂತ್ರದ ಪಕ್ಕದಲ್ಲೇ ನಿಂತು, ಹೊಸ ನಲ್ಲಿಯನ್ನು ಎರಡೆರಡು ಸಲ ತಿರುಗಿಸಿ ನೋಡಿ, "ಚೆನ್ನಾಗಿ ಮಾಡಿದ್ದಾನೆ ತನ್ನೂಸ್" ಎಂದರು. ಬಾಗಿಲಲ್ಲಿ ಬೂಟಿನ ಲೇಸು ಕಟ್ಟಿಕೊಂಡರು. ಬಗ್ಗಿದರೆ ಎದ್ದೇಳಲು ಅವರಿಗೆ ಹೊತ್ತು ಬೇಕು. ಅಷ್ಟೂ ಹೊತ್ತು ನಾನು ಮಗುವನ್ನು ತಟ್ಟುತ್ತಾ ನಿಂತಿದ್ದೆ. ಮಗು ಮಲಗಿ ಆಗಿತ್ತು.

ಉತ್ತರದ ಮನೆಗಳೆಲ್ಲ ಮುಗಿದ ಮೇಲೆ ಅವರಿಗೆ ಹೊಸ ಯೋಚನೆ ಬಂತು. ಕಲ್ಲು ನಮ್ಮ ಗೋಡೆಯಲ್ಲಿಲ್ಲ ಎಂದ ಮೇಲೆ ಯಾವುದೋ ಮಳೆಗಾಲದಲ್ಲಿ ಇಳಿಜಾರಿಗೆ ಉರುಳಿ ಕೆಳಗಿನ ಅಂಜೂರದ ತೋಟದ ಪಾಳು ಬಾವಿಗೆ ಬಿದ್ದಿರಬೇಕು. ಈ ಸೆಪ್ಟೆಂಬರಿನಲ್ಲಿ ಬಾವಿ ಪೂರ್ತಿ ಒಣಗಿದಾಗ, ಎಪ್ಪತ್ತಾರು ವರ್ಷದ ಮನುಷ್ಯ, ಗಂಟೆಯ ಹಳೆಯ ಹಗ್ಗ ಕಟ್ಟಿ ಒಳಗಿಳಿದರು. ಹಗ್ಗ ತುಂಡಾಯಿತು. ಅಂಜೂರ ಒಣಹಾಕಲು ಬಂದ ಹೆಂಗಸರಿಗೆ ಕೂಗು ಕೇಳಿಸುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಿಂದ ಹಿಲಾನೆ ತನ್ನ ಮನೆಗೆ ಕರೆದೊಯ್ದಳು. ಇನ್ನು ನಡೆಯುವುದು ಕಷ್ಟ ಎಂದರು.

"ಮುದುಕನಿಗೆ ಬುದ್ಧಿ ಬೇಡ್ವಾ? ಬಾವೀಲಿ ಯಾರಾದ್ರೂ ಕಲ್ಲು ಹುಡುಕ್ತಾರಾ?" ಎಂದರು ಊರವರು. ನಾನು ತಲೆಯಾಡಿಸಿದೆ. ಕೋಳಿ ಸಾರು ಮಾಡಿ ಡಬ್ಬಿಯಲ್ಲಿ ಹಾಕಿ ಟ್ರಿಪೋಲಿಗೆ ಹೋಗುವವರ ಕೈಯಲ್ಲಿ ಕಳಿಸಿದೆ. ಡಬ್ಬಿ ತೊಳೆದು, ಒಳಗೆ ಒಂದು ಹಿಡಿ ಬಾದಾಮಿ ಹಾಕಿ ಹಿಂತಿರುಗಿಸಿದ್ದರು.

ಅಂದು ರಾತ್ರಿ ಅತ್ತೆ ಮಲಗಿದ ಮೇಲೆ ಊಟಕ್ಕೆ ಕೂತಾಗ ಗಸ್ಸಾನ್‌ಗೆ ಹೇಳಿದೆ. "ಹೇಳಿಬಿಡೋಣ."

"ಈಗ ಹೇಳಿ ಏನು ಬಂತು? ಮುರಿದ ಮೂಳೆ ಕೂಡುತ್ತಾ? ಅವರಿಗೆ ಇನ್ನೊಂದು ನೋವು, ನಮಗೆ ಇಲಾಖೆ. ಸುಮ್ನೆ ತಿನ್ನು."

ನಾನು ಸುಮ್ಮನೆ ತಿಂದೆ.

ಹಬ್ಬದ ಮೊದಲಿನ ಭಾನುವಾರ, ಪೂಜೆಯ ನಂತರ ಕಾಫಿ ಕುಡಿಯುವಾಗ, ಚರ್ಚಿನ ಸಮಿತಿಯ ಹಿರಿಯ ಇಸ್ಕಂದರ್ ಮಾತು ತೆಗೆದರು.

"ಅಬೂನಾ, ಇನ್ನು ಮೂರು ಮೂಲೆ ಸಾಕು. ನಾಲ್ಕನೇ ಕಲ್ಲು ಇತ್ತು ಅಂತ ಯಾರು ನೋಡಿದಾರೆ, ಆ ನಖ್ಲೆ ತಲೇಲಿ ಬಿಟ್ರೆ? ಆ ತಲೆಯಿಂದಾನೇ ಸೊಂಟ ಮುರೀತು."

"ಅವರಪ್ಪನೂ ಹೇಳ್ತಿದ್ರಲ್ಲ" ಎಂದರು ಅಬೂನಾ.

"ಅವರಪ್ಪನ ತಲೆನೇ ಇವರಿಗೂ ಬಂದಿರೋದು."

ಎಲ್ಲರೂ ನಕ್ಕರು. ಅಬೂನಾ ಸ್ಪಿರೋ ಬಟ್ಟಲಿನ ತಳದ ಕಾಫಿ ಗಸಿಯನ್ನೇ ನೋಡುತ್ತಾ ಕೂತರು. ಕೊನೆಗೆ, "ಈ ವರ್ಷ ಒಂದ್ಸಲ ಹೋಗೋಣ, ಬೀಳ್ಕೊಟ್ಟ ಹಾಗೆ. ಮುಂದಿನ ವರ್ಷದಿಂದ ಬಿಡೋಣ. ಹಬ್ಬ ಮುಗಿದ ಮೇಲೆ ನಾನೇ ಟ್ರಿಪೋಲಿಗೆ ಹೋಗಿ ನಖ್ಲೆಗೆ ಹೇಳ್ತೀನಿ. ಈ ಸಲ ಅಲ್ಲಿ ಯಾರು ನಿಲ್ತೀರಿ?" ಎಂದರು.

ಯಾರೂ ಮುಂದೆ ಬರದಿದ್ದರೆ ನನ್ನ ಅತ್ತೆಗೆ ತಡೆಯಲಾಗುವುದಿಲ್ಲ.

"ಗೋಡೆ ನಮ್ದು. ನಮ್ಮ ದಾರೀನ್ ನಿಲ್ತಾಳೆ, ಮಗು ಎತ್ಕೊಂಡು. ಮಗೂಗೂ ಒಳ್ಳೇದು. ನಖ್ಲೆಗೂ ಇವಳನ್ನ ಕಂಡ್ರೆ ಪ್ರೀತಿ. ಓದಿದ ಹುಡುಗಿ, ಓದಿದ ಹುಡುಗಿ ಅಂತಿರ್ತಾನೆ."

"ನಂಗೆ ಬೇಡ ಅತ್ತೆ" ಎಂದೆ.

"ನಾಚ್ಕೊಳ್ಳೋಕೆ ಏನಿದೆ? ಐದು ನಿಮಿಷ ಸುಮ್ನೆ ನಿಲ್ಲೋದು. ಕಲ್ಲಿಗೆ ಪರೀಕ್ಷೆ ಇಲ್ಲ."

ಇನ್ನೊಂದು ಸಲ ಬೇಡ ಎಂದಿದ್ದರೆ ಏಕೆ ಎಂದು ಕೇಳುತ್ತಿದ್ದರು. ಹಾಗಾಗಿ ಒಪ್ಪಿಕೊಂಡೆ.

ಆರನೆಯ ತಾರೀಕು ಸಂಜೆ ನಾಲ್ಕೂವರೆಗೆ ಹಿಪ್ಪುನೇರಳೆ ಮರದ ಕೆಳಗೆ ಲೇಯಾಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತೆ. ಬೆನ್ನ ಹಿಂದೆ ನಮ್ಮ ಗೋಡೆ; ಗೋಡೆಯಲ್ಲಿ ಬಚ್ಚಲಿನ ಕಿಟಕಿ; ಕಿಟಕಿಯ ಒಳಗೆ ನಾಲ್ಕು ಹೆಜ್ಜೆಗೆ ಯಂತ್ರ. ಅಂದು ಬೆಳಿಗ್ಗೆ ಅದನ್ನು ಹಾಕಿರಲಿಲ್ಲ. ಮಗಳಿಗೆ ಚಳಿಯಾದೀತೆಂದು ಎರಡು ಸ್ವೆಟರ್ ಹಾಕಿದ್ದೆ, ಅವಳ ಮುಖ ಕೆಂಪಾಗಿತ್ತು. ಧೂಪದ ವಾಸನೆ ಮೊದಲು ಬಂತು, ಆಮೇಲೆ ಹಾಡು, ಆಮೇಲೆ ಜನ.

"ಈ ಸಲ ಕಲ್ಲು ಮರಿ ಹಾಕಿದೆ" ಎಂದರು ಇಸ್ಕಂದರ್. ನಗು ಹಿಂದಿನ ಸಾಲಿನ ತನಕ ಹೋಯಿತು.

ಅಬೂನಾ ಸ್ಪಿರೋ ಹೆಬ್ಬೆರಳನ್ನು ಎಣ್ಣೆಯಲ್ಲಿ ಅದ್ದಿ ನನ್ನ ಹಣೆಗೆ ಹಚ್ಚಿದರು. ಎಣ್ಣೆ ತಣ್ಣಗಿತ್ತು. "ಇದು ಎಲ್ಲೆ" ಎಂದರು. "ಇದರೊಳಗೆ ಯಾರೂ ಯಾರ ಮೇಲೂ ಕೈ ಮಾಡಬೇಡಿ." ನೀರು ಬಿತ್ತು. ಲೇಯಾ ಅದು ಆಟವೆಂದುಕೊಂಡು ನಕ್ಕಳು. ಜನ ಸಾಲಾಗಿ ಬಂದರು. ಒಬ್ಬೊಬ್ಬರೂ ನನ್ನ ಹಣೆ ಮುಟ್ಟಿದರು, ಬೆರಳನ್ನು ತುಟಿಗೆ ಒತ್ತಿಕೊಂಡರು. ಅತ್ತೆ ಬಂದರು. ದಿನಾ ನನ್ನ ಉಪ್ಪು ಹೆಚ್ಚು, ನನ್ನ ಎಣ್ಣೆ ಕಡಿಮೆ ಎನ್ನುವ ಅತ್ತೆ, ಕಣ್ಣು ಮುಚ್ಚಿ, ಬೆರಳಿನಿಂದ ನನ್ನ ಹಣೆ ಮುಟ್ಟಿ, ಆ ಬೆರಳಿಗೆ ಮುತ್ತಿಟ್ಟರು.

ಎಲ್ಲರೂ ನನ್ನನ್ನು ಕಲ್ಲೆಂದು ಮುಟ್ಟಿದರು. ಆ ಮನುಷ್ಯ ಒಂದೇ ಹೆಜ್ಜೆ ಪಕ್ಕಕ್ಕೆ ಸರಿದದ್ದಕ್ಕೆ ಐವತ್ತು ವರ್ಷ ಇಲ್ಲಿ ನಿಂತರು. ನನಗೆ ಯಾರೂ ಬಂದೂಕು ತೋರಿಸಿರಲಿಲ್ಲ.

ಜನ ಚರ್ಚಿನ ಕಡೆಗೆ ಹೋದರು. ನಾನು ಒಳಗೆ ಬಂದು, ಮಗಳ ಸ್ವೆಟರ್ ಬಿಚ್ಚಿ, ಅವಳ ಕೈಗೆ ಬಿಸ್ಕತ್ತು ಕೊಟ್ಟು, ಬಚ್ಚಲಿನ ನೆಲದ ಮೇಲೆ ಯಂತ್ರಕ್ಕೆ ಒರಗಿ ಕೂತೆ. ಹಣೆಯ ಎಣ್ಣೆ ಒರೆಸಿಕೊಂಡಿರಲಿಲ್ಲ. ಬಸುರಿಯಾಗಿದ್ದೆ, ಬಚ್ಚಲಿರಲಿಲ್ಲ, ಹೆದರಿದ್ದೆ ಎಂದು ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಫೋನ್ ಕಿವಿಗಿಟ್ಟಾಗ ಅದರಲ್ಲಿ ಒಂದೂ ಹೇಳುವಂಥದ್ದಾಗಿ ಕಾಣಲಿಲ್ಲ.

ಹಿಲಾನೆ ಎತ್ತಿದಳು. "ದಾರೀನ್! ಬೆಳಿಗ್ಗೆಯಿಂದ ಒಂದೇ ಸಮನೆ ಕೇಳ್ತಿದಾರೆ, ಮೂಲೆಗೆ ಹೋದ್ರಾ, ಯಾರು ನಿಂತ್ರು ಅಂತ. ತಲೆ ತಿಂದುಬಿಟ್ರು. ತಗೋ, ನೀನೇ ಹೇಳು."

ಫೋನು ಕೈ ಬದಲಾಯಿಸುವ ಸದ್ದು. ಆಮೇಲೆ ಅವರ ಉಸಿರು.

"ಯಾರು ನಿಂತ್ರು ಮಗಳೇ?"

"ನಾನು, ದೊಡ್ಡಪ್ಪ."

"ಒಳ್ಳೇದಾಯ್ತು. ಕಾಲು ನೋವು ಬಂತಾ?"

"ದೊಡ್ಡಪ್ಪ, ಕಲ್ಲು ನಮ್ಮ ಬಚ್ಚಲಲ್ಲಿದೆ. ಬಟ್ಟೆ ಒಗೆಯೋ ಯಂತ್ರದ ಕೆಳಗೆ. ನಾನೇ ಹಾಕಿಸ್ದೆ."

ಹಿಂದೆ ಎಲ್ಲೋ ಹಿಲಾನೆಯ ಮನೆಯ ಟಿವಿ ಓಡುತ್ತಿತ್ತು.

"ನಾನು ಮುಘ್ಲಿ ತಿಂತಾ ಕೇಳಿದಾಗ," ಎಂದರು ಕೊನೆಗೆ. "ಆಗ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ದೀಬ್‌ನ ವಿಷಯ ಹೇಳಿದಾಗ?"

"ಆಗಲೂ ಗೊತ್ತಿತ್ತು, ದೊಡ್ಡಪ್ಪ."

ಬೈಯಲಿ ಎಂದು ಕಾದೆ. ಫೋನ್ ಇಟ್ಟುಬಿಡಲಿ ಎಂದೂ ಕಾದೆ.

"ಅಂಗಾತ ಇದೆಯೋ, ಕವುಚಿ ಇದೆಯೋ?"

"ಕವುಚಿ."

"ಹಾಗಾದ್ರೆ ಅಕ್ಷರ ಹೋಗಿರಲ್ಲ." ಅವರ ಧ್ವನಿ ಸಣ್ಣಗಾಗಿತ್ತು. "ಓದು."

"ನಂಗೆ ಗ್ರೀಕ್ ಬರಲ್ಲ."

"ನಂಗೆ ಬರುತ್ತಾ? ನಾನು ಓದೋ ಹಾಗೆ ಓದು."

ಕಣ್ಣು ಮುಚ್ಚಿದೆ. ತನ್ನೂಸ್ ಮಣ್ಣು ಒರೆಸಿದ್ದು ಕಂಡಿತು. "ಉಂಗುರ" ಎಂದೆ.

"ಹ್ಞೂಂ."

"ಕೊಕ್ಕೆ. ಉಂಗುರ. ಕಡ್ಡಿ."

ಅವರು ಅಳುತ್ತಿದ್ದರೋ ಕೆಮ್ಮುತ್ತಿದ್ದರೋ ತಿಳಿಯಲಿಲ್ಲ. ಬಚ್ಚಲಿನ ಬಾಗಿಲಲ್ಲಿ ಚರ್ಚಿನಿಂದ ಹಿಂತಿರುಗಿದ ಅತ್ತೆ, ತಲೆವಸ್ತ್ರವನ್ನೂ ತೆಗೆಯದೆ, ನನ್ನನ್ನೇ ನೋಡುತ್ತಾ ನಿಂತಿದ್ದರು. ಎಷ್ಟು ಹೊತ್ತಾಗಿತ್ತೋ ಬಂದು.

"ಇನ್ನೊಂದ್ಸಲ ಹೇಳು" ಎಂದರು ನಖ್ಲೆ ದೊಡ್ಡಪ್ಪ. "ಜೋರಾಗಿ ಹೇಳು. ಹಿಲಾನೆಗೂ ಕೇಳಿಸ್ಲಿ."

ಅತ್ತೆಯ ಮುಖ ನೋಡುತ್ತಲೇ ನಾನು ಜೋರಾಗಿ ಹೇಳಿದೆ.